ಕುಂಕುಮ ಹಚ್ಚಿ ಸ್ಯಾಕ್ರಮೆಂಟೊಗೆ ಕರೆದ ನೀಲಕ್ಕ

ನೀಲಕ್ಕನ ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ರಸ್ತೆಯ ನಕ್ಷೆ ಇರುತ್ತಿರಲಿಲ್ಲ, ಬೆಳ್ಳಿಯ ಕುಂಕುಮದ ಭರಣಿ ಇರುತ್ತಿತ್ತು. ಬೇರೆಯವರು ಅಂಥದ್ದನ್ನು ದೇವರ ಮನೆಯಿಂದ ಹೊರಗೆ ತೆಗೆಯುವುದು ಮದುವೆಗೋ ಗೃಹಪ್ರವೇಶಕ್ಕೋ ಕರೆಯಲು ಹೊರಟಾಗ. ನೀಲಕ್ಕ ಅದನ್ನು ಹಿಡಿದುಕೊಂಡು ಹೇವರ್ಡ್‌ನಿಂದ ಲಾಸ್ ಗ್ಯಾಟೋಸ್‌ವರೆಗೆ ಕನ್ನಡದವರ ಮನೆಗಳನ್ನೆಲ್ಲ ಸುತ್ತುತ್ತಿದ್ದದ್ದು, ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಶಾಸಕರ ಕಮಿಟಿಯ ಮುಂದೆ ಬಂದು ಕೂತುಕೊಳ್ಳಿ ಎಂದು ಹೆಂಗಸರನ್ನು ಕರೆಯುವುದಕ್ಕೆ. ಫೋನು ಮಾಡಿ ಕರೆದರೆ ಯಾರೂ ಬರುವುದಿಲ್ಲ ಎಂಬುದು ಅವಳ ಅನುಭವ. ಹಣೆಗೆ ಕುಂಕುಮ ಹಚ್ಚಿಸಿಕೊಂಡ ಮೇಲೆ ‘ಆಗಲ್ಲ’ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಎದುರು ಮನೆಯ ಮೆಕ್ಸಿಕನ್ ಹೆಂಗಸಿಗೂ ಹಚ್ಚಿ ಕರೆದಿದ್ದಳು. ಆಕೆಯೂ ಬಂದಿದ್ದಳು.

ನನಗೆ ನೀಲಕ್ಕನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನಾನು ಹೊಗಳಿದ್ದನ್ನೂ ನೀವು ನಂಬಲಿಕ್ಕಿಲ್ಲ. ಎದುರಿಗೆ ‘ನೀವು’ ಎನ್ನುತ್ತಿದ್ದೆ, ಅವಳು ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದ ಏಕವಚನವೇ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಹತ್ತು ವರ್ಷಕ್ಕೆ ದೊಡ್ಡವಳಾದರೂ ಅವಳ ಕೂದಲು ನನ್ನದಕ್ಕಿಂತ ಕಪ್ಪಗಿತ್ತು. ಇಳಕಲ್ ಸೀರೆಯ ಕೆಳಗೆ ಗಂಡುಮಕ್ಕಳ ಓಟದ ಬೂಟು ಹಾಕಿಕೊಂಡು ದಾಪುಗಾಲು ಹಾಕುತ್ತ ಬಂದರೆ ನೋಡಿದವರು ನಗಬೇಕು, ಆದರೆ ಯಾರೂ ನಗುತ್ತಿರಲಿಲ್ಲ. ಅದೇ ವೇಷದಲ್ಲಿ ನಾನು ಹೋಗಿದ್ದರೆ ಗ್ರೋಸರಿ ಅಂಗಡಿಯ ಹುಡುಗರೂ ನಗುತ್ತಿದ್ದರು.

ಅವಳು ಹುಬ್ಬಳ್ಳಿಯ ವಕೀಲರೊಬ್ಬರ ಮಗಳು. ತಾನೂ ಧಾರವಾಡದಲ್ಲಿ ಕಾನೂನು ಓದಿ, ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಮದುವೆಯಾಗಿ ಬಂದವಳು. ಗಂಡ ಬಸವರಾಜಣ್ಣ ಹೇವರ್ಡ್‌ನ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು, ಮಾತು ಕಡಿಮೆ. ಇಬ್ಬರು ಗಂಡುಮಕ್ಕಳು ಕಾಲೇಜು ಸೇರಿದ್ದರು. ಮನೆ ಕ್ಯಾಂಪ್‌ಬೆಲ್‌ನಲ್ಲಿ, ನನ್ನ ಮಗಳ ಶಾಲೆಯ ಹಿಂದಿನ ಬೀದಿಯಲ್ಲಿ. ತನ್ನ ಮಕ್ಕಳು ದೊಡ್ಡವರಾದ ಮೇಲೆ ಊರಿನವರ ಮಕ್ಕಳ ಚಿಂತೆ ಹಚ್ಚಿಕೊಂಡಳು ಎಂದು ನಮ್ಮ ಹೆಂಗಸರು ಹೇಳುತ್ತಿದ್ದರು, ಮೆಚ್ಚಿಕೊಂಡೇ ಹೇಳುತ್ತಿದ್ದರು.

ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು, ಒಳ್ಳೆಯ ಕ್ಲಾಸಿನಲ್ಲಿ ಪಾಸಾದವಳು. ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಗಂಡ ಶ್ರೀಧರ ಮತ್ತೊಂದು ಕಂಪನಿಯಲ್ಲಿ. ನನ್ನ ಕೆಲಸ ಮುಗಿಯುವುದು ಸಂಜೆ ಐದಕ್ಕೆ, ಫ್ರೀವೇ ದಾಟಿ ಬರುವಾಗ ಆರು. ಒಂಬತ್ತು ವರ್ಷದ ಮಗಳು ಸ್ಮಿತಾಳ ಶಾಲೆ ಬಿಡುವುದು ಮಧ್ಯಾಹ್ನ ಎರಡೂವರೆಗೆ. ಡೇಕೇರಿನವರು ಶಾಲೆಗೆ ಹೋಗುವ ಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲ, ತೆಗೆದುಕೊಳ್ಳುವ ಕಡೆ ಜಾಗ ಇರುತ್ತಿರಲಿಲ್ಲ. ಹಾಗಾಗಿ ಅಪಾರ್ಟ್‌ಮೆಂಟಿನ ಬೀಗದ ಕೈಯನ್ನು ನೀಲಿ ರಿಬ್ಬನ್ನಿಗೆ ಪೋಣಿಸಿ ಅವಳ ಕೊರಳಿಗೆ ಹಾಕಿದ್ದೆ. ಬಂದ ಕೂಡಲೇ ಚಿಲಕ ಹಾಕಿಕೊಂಡು ಲ್ಯಾಬಿಗೆ ಫೋನು ಮಾಡಬೇಕು, ಯಾರು ಬಾಗಿಲು ತಟ್ಟಿದರೂ ತೆಗೆಯಬಾರದು. ನಮ್ಮ ಕಾಂಪ್ಲೆಕ್ಸಿನಲ್ಲಿ ಅರ್ಧಕ್ಕರ್ಧ ಮಕ್ಕಳ ಕೊರಳಲ್ಲಿ ಅಂಥದೇ ರಿಬ್ಬನ್ನು ಇತ್ತು.

ಒಂದು ಶನಿವಾರ ನೀಲಕ್ಕ ನಮ್ಮ ಬಾಗಿಲಿಗೆ ಬಂದಳು. ಅಲ್ಲಿಯವರೆಗೆ ಅವಳನ್ನು ಯುಗಾದಿಯ ಕೂಟದಲ್ಲಿ ದೂರದಿಂದ ನೋಡಿದ್ದೆ, ಅಷ್ಟೆ. ಕೈಯಲ್ಲಿ ಭರಣಿ ಕಂಡು ನಾನು ಒಳಗೆ ಕರೆದು ಕೂರಿಸಿದೆ. ಹಣೆಗೆ ಕುಂಕುಮ ಹಚ್ಚಿ ಎದ್ದು ನಿಂತು ಕರೆದಳು.

“ಬರೋ ತಿಂಗಳು ಸ್ಯಾಕ್ರಮೆಂಟೊಕ್ಕ ಹೋಗೂದೈತ್ರಿ. ನೀವೂ ಬರಬೇಕು, ನಿಮ್ಮ ಯಜಮಾನ್ರೂ ಬರಬೇಕು, ಕೂಸನ್ನೂ ಕರಕೊಂಡು ಬರ್ರಿ.”

“ಯಾರ ಮದುವೆ ನೀಲಕ್ಕ?” ಎಂದೆ.

“ಮದವಿ ಅಲ್ರಿ. ಕಾಯ್ದೆ ಐತಿ. ಶಾಲಿ ಬಿಟ್ಟ ಮ್ಯಾಲ ಶಾಲ್ಯಾಗ ಮಕ್ಕಳನ್ನ ಸಂಜಿತನಕಾ ನೋಡಕೋಬೇಕು, ಅದಕ್ಕ ರಾಜ್ಯ ಸರಕಾರ ರೊಕ್ಕ ಕೊಡಬೇಕು ಅಂತ. ಕಮಿಟಿ ಮುಂದ ಅದು ಬರತೈತಿ. ಎದ್ರಿಗೆ ನಾವು ಕುಂತಿರಬೇಕು.”

ಕುಂಕುಮವನ್ನು ಇದಕ್ಕೆಲ್ಲ ಬಳಸುತ್ತಾರೆಯೇ ಎಂದು ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಸ್ಮಿತಾ ಆಟ ಮುಗಿಸಿ ಬಂದಳು. ಶನಿವಾರವೂ ಆ ರಿಬ್ಬನ್ನು ತೆಗೆದಿಡುವ ಅಭ್ಯಾಸ ಅವಳಿಗೆ ಹೋಗಿತ್ತು. ನೀಲಕ್ಕ ಅವಳನ್ನು ಹತ್ತಿರ ಕರೆದು ಆ ಬೀಗದ ಕೈಯನ್ನು ಅಂಗೈಯಲ್ಲಿಟ್ಟು ನೋಡಿದಳು.

“ತಾಯತ ಕಟ್ಟೋ ಕೊರಳಾಗ ಕೀಲಿಕೈ ಕಟ್ಟೀರಲ್ಲ ತಂಗಿ” ಎಂದಳು. ಬೈಗುಳದ ಧ್ವನಿ ಅಲ್ಲ. ಇದ್ದಿದ್ದರೆ ನಾನು ತಿರುಗಿ ಬೈಯಬಹುದಿತ್ತು. “ಬರೋ ಸೋಮವಾರದಿಂದ ನಮ್ಮ ಮನೀಗೆ ಬರಲಿ. ಶಾಲಿ ಹಿಂದಿನ ಓಣ್ಯಾಗ ಐತಿ ಮನಿ. ನೀವು ಆರಕ್ಕರ ಬರ್ರಿ, ಏಳಕ್ಕರ ಬರ್ರಿ.”

ಬೇಡ ಎನ್ನಲು ನನ್ನಲ್ಲಿ ಕಾರಣ ಇರಲಿಲ್ಲ. ಸ್ಮಿತಾ ಆಗಲೇ ರಿಬ್ಬನ್ನು ತೆಗೆದು ಸೋಫಾದ ಮೇಲೆ ಎಸೆದಾಗಿತ್ತು.

ನೀಲಕ್ಕನ ಗರಾಜಿನಲ್ಲಿ ಕಾರು ನಿಲ್ಲುತ್ತಿರಲಿಲ್ಲ. ಚಾಪೆ ಹಾಸಿ ಐದಾರು ಮಕ್ಕಳು ಹೋಮ್‌ವರ್ಕು ಮಾಡುತ್ತಿದ್ದರು. ಮೂರು ಗಂಟೆಗೆ ಗಿರ್ಮಿಟ್ ಆಗುತ್ತಿತ್ತು, ಹುಬ್ಬಳ್ಳಿಯವರು ಚುರುಮುರಿಗೆ ಈರುಳ್ಳಿ, ಹುಣಸೆ, ಬೆಲ್ಲ, ಹುರಿಗಡಲೆಯ ಹಿಟ್ಟು ಕಲಸಿ ಮಾಡುತ್ತಾರಲ್ಲ, ಅದು. ನನ್ನ ಮಗಳು ನನ್ನ ಮನೆಯಲ್ಲಿ ಈರುಳ್ಳಿಯನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಇಡುವವಳು. ಅಲ್ಲಿ ಹಸಿ ಈರುಳ್ಳಿಯನ್ನು ಇನ್ನಷ್ಟು ಹಾಕಿ ಎಂದು ಕೇಳುತ್ತಿದ್ದಳಂತೆ. ಮಕ್ಕಳು ತಿನ್ನುತ್ತಿರುವಾಗ ನೀಲಕ್ಕ ಉದ್ದನೆಯ ವೈರಿನ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ರೊಟ್ಟಿ ಬಡಿಯುತ್ತಲೇ ಯಾವುದೋ ಶಾಸಕನ ಆಫೀಸಿನ ಜೊತೆ ಮಾತಾಡುತ್ತಿದ್ದಳು. “ಸರಕಾರಾನೂ ಒಂದು ಮನಿನ ಐತ್ರಿ. ಬಾಗಲಾ ಬಡೀತಾ ಇದ್ರ ಯಾರರ ತಗೀಲಿಕ್ಕೇ ಬೇಕು” ಎನ್ನುವುದು ಅವಳ ಮಾತು. ಆ ಕಡೆಯವರು ಎಷ್ಟು ಹೊತ್ತು ಕಾಯಿಸಿದರೂ ಅವಳಿಗೆ ಬೇಸರ ಇಲ್ಲ, ಅಷ್ಟು ಹೊತ್ತಿಗೆ ನಾಲ್ಕು ರೊಟ್ಟಿ ಆಗಿರುತ್ತಿದ್ದವು.

ತಿಂಗಳು ಕಳೆಯುವುದರೊಳಗೆ ಒಂದು ಸಂಜೆ ಸ್ಮಿತಾ ಅಡಿಗೆಮನೆಗೆ ಬಂದು ನಿಂತು ಹೇಳಿದಳು, “ಅಮ್ಮಾ, ನಂಗ ಹಸಿವಾಗೇತಿ.”

ನಾನು ಸೌಟು ಕೆಳಗಿಟ್ಟೆ. ಹುಟ್ಟಿದಾಗಿನಿಂದ ಆ ಹುಡುಗಿಯ ಬಾಯಲ್ಲಿ ಕನ್ನಡ ಬರಿಸಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಜೋಗುಳ ಹಾಡಿದ್ದೆ, ಅಕ್ಷರದ ಮಣೆ ತರಿಸಿದ್ದೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು ನಮ್ಮ ಮನೆಯ ರೂಢಿಯಾಗಿಹೋಗಿತ್ತು. ಈಗ ಕನ್ನಡ ಬಂತು, ಬಂದದ್ದು ಹುಬ್ಬಳ್ಳಿಯಿಂದ. ಗಂಡ ಊಟದ ಮೇಜಿನಿಂದಲೇ ಜೋರಾಗಿ ನಕ್ಕ.

“‘ನನಗೆ ಹಸಿವಾಗ್ತಿದೆ’ ಅನ್ನಬೇಕು ಪುಟ್ಟಿ” ಎಂದೆ.

“ಬಟ್ ನೀಲಕ್ಕ ಸೇಸ್ ಇಟ್ ಲೈಕ್ ದಟ್.”

“ಅದು ಅವರ ಕಡೆ ಮಾತು. ನಾವು ಮೈಸೂರಿನವರು. ಇನ್ನೊಂದು ಸಲ ಹೇಳು.”

ಸ್ಮಿತಾ ನನ್ನ ಮುಖ ನೋಡಿದಳು. “ನೆವರ್ ಮೈಂಡ್. ಐಯಾಮ್ ನಾಟ್ ಹಂಗ್ರಿ” ಎಂದು ಕೋಣೆಗೆ ಹೋದಳು. ಆಮೇಲೆ ನನ್ನ ಜೊತೆ ಕನ್ನಡ ತೆಗೆಯಲೇ ಇಲ್ಲ.

ನೀಲಕ್ಕನ ಹತ್ತಿರ ಮಾತ್ರ ಅದು ಬೆಳೆಯುತ್ತಲೇ ಹೋಯಿತು. ಸಂಜೆ ಕರೆತರಲು ಹೋದಾಗ ಕಾರು ನಿಲ್ಲಿಸಿ ನಾನು ಗರಾಜಿನ ಹೊರಗೆ ಸ್ವಲ್ಪ ಹೊತ್ತು ನಿಂತುಬಿಡುತ್ತಿದ್ದೆ. ಒಳಗೆ ನನ್ನ ಮಗಳು ಕನ್ನಡದಲ್ಲಿ ಚಾಡಿ ಹೇಳುತ್ತಿದ್ದಳು, ಜಗಳ ಆಡುತ್ತಿದ್ದಳು, ಕನಸು ಹೇಳುತ್ತಿದ್ದಳು. ನನಗೆ ಎಂದೂ ಹೇಳದ ಕನಸುಗಳು. ನಾನು ಒಳಗೆ ಕಾಲಿಟ್ಟ ಕೂಡಲೇ “ಹಾಯ್ ಮಾಮ್” ಎಂದು ಚೀಲ ಎತ್ತಿಕೊಳ್ಳುತ್ತಿದ್ದಳು. ಹೊತ್ತು ಹೆತ್ತವಳು ನಾನು, ಅವಳ ಕನ್ನಡವನ್ನು ಪರರ ಮನೆಯ ಬಾಗಿಲ ಸಂದಿಯಿಂದ ಕದ್ದು ಕೇಳಬೇಕಾಗಿತ್ತು. ಕಾರಿನಲ್ಲಿ ಬರುತ್ತ ನೀಲಕ್ಕನ ಮೇಲೆ ಹಲ್ಲು ಕಡಿಯುತ್ತಿದ್ದೆ, ಮರುದಿನ ಬೆಳಗ್ಗೆ ಅವಳ ಭರವಸೆಯ ಮೇಲೆಯೇ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುತ್ತಿದ್ದೆ.

ಈ ಮಧ್ಯೆ ಒಂದು ಪ್ರಸಂಗ ನಡೆಯಿತು. ಕಮಿಟಿಯ ಮುಂದೆ ಕೂತುಕೊಳ್ಳಲು ಯಾರು ಬೇಕಾದರೂ ಬರಬಹುದು, ಮಾತಾಡಬೇಕಾದರೆ ಮೊದಲೇ ಹೆಸರು ಕೊಡಬೇಕು. ನಮ್ಮ ಕಡೆಯ ಶಾಸಕರ ಆಫೀಸಿನಲ್ಲಿ ಪೆಗ್ಗಿ ಎಂಬ ಹೆಂಗಸು ಅದನ್ನು ನೋಡಿಕೊಳ್ಳುತ್ತಿದ್ದಳು. ನೀಲಕ್ಕ ಐದಾರು ಸಲ ಹೋಗಿ ಕೂತ ಮೇಲೆ, ನಿಮ್ಮ ಗುಂಪಿನಿಂದ ಒಬ್ಬರು ಮಾತಾಡಬಹುದು ಎಂದು ಪೆಗ್ಗಿ ಒಪ್ಪಿದಳು. ಒಳ್ಳೆಯ ಸುದ್ದಿ ಕೊಟ್ಟ ಹೆಣ್ಣುಮಗಳನ್ನು ಬರಿಗೈಯಲ್ಲಿ ಬಿಡುವುದು ಹೇಗೆ? ಮರುದಿನವೇ ನೀಲಕ್ಕ ಹೋಗಿ ಪೆಗ್ಗಿಯ ಉಡಿ ತುಂಬಿಬಂದಳು. ನಮ್ಮ ಕಡೆ ಮಡಿಲು ತುಂಬುವುದು ಎನ್ನುತ್ತೇವೆ. ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಕುಪ್ಪಸದ ಖಣ. ಪೆಗ್ಗಿಗೆ ಒಡ್ಡಲು ಸೆರಗಿಲ್ಲದ್ದರಿಂದ ಸ್ವೆಟರಿನ ಅಂಚು ಹಿಡಿಸಿದಳಂತೆ. ಪೆಗ್ಗಿಯ ಕಣ್ಣಲ್ಲಿ ನೀರು ಬಂತಂತೆ.

ಎರಡು ದಿನಕ್ಕೆ ಆಫೀಸಿನಿಂದ ಫೋನು. ಕೆಲಸ ಮಾಡಿಸಿಕೊಂಡವರಿಂದ ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ, ಬಂದು ವಾಪಸು ತೆಗೆದುಕೊಂಡು ಹೋಗಿ ಎಂದರು. ನೀಲಕ್ಕ ಮೊದಲ ಸಲ ಗಾಬರಿಯಾದದ್ದನ್ನು ನಾನು ನೋಡಿದೆ.

“ತುಂಬಿದ ಉಡಿ ಹೊಳ್ಳಿ ತಗೊಳ್ಳೂದಂದ್ರ ಏನ್ರಿ? ಆಕೀಗೆ ಕೇಡು ಬಯಸಿದಂಗ ಆಗತೈತಿ. ತಗೊಳ್ಳಲಿಲ್ಲಂದ್ರ ಲಂಚ ಅಂತಾರ. ವಾಸಂತೀ, ನಿಮ್ಮ ಇಂಗ್ಲಿಷು ಚಂದ ಐತಿ. ನೀವು ಬಂದು ತಿಳಿಸಿ ಹೇಳ್ರಿ.”

ನನಗೆ ಒಳಗೊಳಗೇ ಖುಷಿ. ರಜೆ ಹಾಕಿ ಒಳ್ಳೆಯ ಸೂಟು ತೊಟ್ಟು ಹೋದೆ. ಅಲ್ಲಿನ ದೊಡ್ಡ ಅಧಿಕಾರಿಯ ಎದುರು ಮಡಿಲು ತುಂಬುವ ಸಂಪ್ರದಾಯವನ್ನು, ಅದರ ಹಿನ್ನೆಲೆಯನ್ನು, ಅಕ್ಕಿಯ ಅರ್ಥವನ್ನು, ತೆಂಗಿನ ಅರ್ಥವನ್ನು ಚೊಕ್ಕ ಇಂಗ್ಲಿಷಿನಲ್ಲಿ ವಿವರಿಸಿದೆ. ನಾನು ವಿವರಿಸಿದಷ್ಟೂ ಆತನ ಹುಬ್ಬು ಗಂಟಾಯಿತು. ಇಷ್ಟೊಂದು ಅರ್ಥ ಇರುವ ಕಾಯಿಗೆ ಪ್ರತಿಯಾಗಿ ಇವರು ಏನು ಕೇಳುತ್ತಿದ್ದಾರೆ ಎಂದು ಕೇಳಿದ.

ನೀಲಕ್ಕ ಎದ್ದು ಮೇಜಿನ ಮೇಲಿದ್ದ ಕಾಯಿಯನ್ನು ತೆಗೆದುಕೊಂಡು ಹೊರಗೆ ಹೋದಳು. ಕಾರು ನಿಲ್ಲಿಸುವ ಜಾಗದ ಸಿಮೆಂಟಿನ ಅಂಚಿಗೆ ಕುಕ್ಕಿದ ಸದ್ದು ಒಳಗೆ ಕೇಳಿತು. ಒಡೆದ ಹೋಳುಗಳನ್ನು ಸೆರಗಿನಲ್ಲಿ ತಂದು, ಪೆಗ್ಗಿಯಿಂದ ಹಿಡಿದು, ನಲ್ಲಿ ರಿಪೇರಿಗೆ ಬಂದವನವರೆಗೆ, ಬೀದಿಯಲ್ಲಿ ದೀಪ ಇಲ್ಲ ಎಂದು ದೂರು ಕೊಡಲು ಬಂದು ಕೂತಿದ್ದ ಮುದುಕನವರೆಗೆ ಎಲ್ಲರಿಗೂ ಹಂಚಿದಳು. ಆ ಅಧಿಕಾರಿಗೂ ಒಂದು ಹೋಳು. ಬಾಳೆಹಣ್ಣೂ ಹಾಗೇ ಹೋಯಿತು. ಖಣವನ್ನು ಕಿಟಕಿಯ ಹೂಕುಂಡದ ಕೆಳಗೆ ಹಾಸಿದಳು, ಅಕ್ಕಿಯನ್ನು ಅಂಗಳದ ಹಕ್ಕಿಗಳಿಗೆ ಚೆಲ್ಲಿದಳು. “ಎಲ್ಲಾರೂ ತಿಂದದ್ದು ಯಾರ ಲಂಚಾನೂ ಅಲ್ಲ” ಎಂದು ನನಗೆ ಹೇಳಿದಳು, ಅದನ್ನು ನಾನು ಇಂಗ್ಲಿಷಿಗೆ ಹಾಕಿದೆ. ಆತ ಕಾಯಿ ಅಗಿಯುತ್ತ ತಲೆ ಆಡಿಸಿದ.

ಹೊರಡುವಾಗ ಪೆಗ್ಗಿ ನೀಲಕ್ಕನ ಎರಡೂ ಕೈ ಹಿಡಿದುಕೊಂಡು ಹೆಸರನ್ನು ಸರಿಯಾಗಿ ಹೇಳಲು ಕಲಿತಳು. ನನ್ನ ಕಡೆ ತಿರುಗಿ, ನೀವು ಇವರ ದುಭಾಷಿಯೇ ಎಂದು ಕೇಳಿದಳು. ಆ ದಿನ ಮನೆಗೆ ಬಂದು ಸೂಟು ಬಿಚ್ಚಿ ಎಸೆದದ್ದು ನನಗೆ ಚೆನ್ನಾಗಿ ನೆನಪಿದೆ.

ಕಮಿಟಿಯ ಮುಂದೆ ಮಾತಾಡುವ ಒಬ್ಬರು ಯಾರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ನಾನೇ ಆಗಬೇಕೆಂದು ನನಗೆ ಆಸೆ ಇತ್ತು. ಮಗಳು ನನ್ನವಳು, ಕೊರಳಿನ ಬೀಗದ ಕೈ ನನ್ನ ಮನೆಯದು, ಇಂಗ್ಲಿಷು ನನ್ನದು ಚೆನ್ನಾಗಿದೆ. ಹೆಂಗಸರೆಲ್ಲ ಸೇರಿದ ದಿನ ಯಾರೋ “ನೀಲಕ್ಕನೇ ಮಾತಾಡಲಿ” ಎಂದರು, ಉಳಿದವರು ಹೌದು ಎಂದರು. ನೀಲಕ್ಕ ನನ್ನ ಕಡೆ ನೋಡಿದಳು. ನಾನು ಎಲ್ಲರಿಗಿಂತ ಜೋರಾಗಿ ಹೌದು ಎಂದೆ, ಬೇರೇನು ಮಾಡಲಿ.

ಆ ಬೆಳಗ್ಗೆ ಮೂರು ವ್ಯಾನುಗಳಲ್ಲಿ ಹೊರಟೆವು. ಸ್ಮಿತಾ ನೀಲಕ್ಕನ ಪಕ್ಕದ ಸೀಟೇ ಬೇಕೆಂದು ಹಟ ಹಿಡಿದು ದಾರಿಯುದ್ದಕ್ಕೂ ಅವಳ ತೋಳಿಗೆ ಒರಗಿ ನಿದ್ದೆ ಮಾಡಿದಳು. ನಾನು ಹಿಂದಿನ ಸೀಟಿನಲ್ಲಿ ಪುಳಿಯೋಗರೆಯ ಡಬ್ಬಿ ಕಾಯುತ್ತ ಕೂತೆ. ಸ್ಯಾಕ್ರಮೆಂಟೊದ ಆ ಬಿಳಿ ಗುಮ್ಮಟದ ಕಟ್ಟಡದೊಳಗೆ ರೇಷ್ಮೆ ಸೀರೆ ಉಟ್ಟ ಹೆಂಗಸರು ಸಾಲಾಗಿ ಹೋಗಿ ಕೂತಾಗ ಕಮಿಟಿಯವರು ಕಾಗದದಿಂದ ತಲೆ ಎತ್ತಿ ನೋಡಿದರು. ನೀಲಕ್ಕನಿಗೆ ಬೇಕಾಗಿದ್ದದ್ದೂ ಅಷ್ಟೆ.

ನಮಗಿಂತ ಮೊದಲು ಯಾರ್ಯಾರೋ ಮಾತಾಡಿದರು. ತಾಯಂದಿರು ಮನೆಯಲ್ಲಿದ್ದರೆ ಈ ಖರ್ಚೇ ಬೇಡ ಎಂದು ಕಮಿಟಿಯ ಒಬ್ಬ ಸದಸ್ಯ ಹೇಳಿದ, ಹೇಳಿ ನಮ್ಮ ಸಾಲಿನ ಕಡೆ ನೋಡಿದ. ನೀಲಕ್ಕನ ಹೆಸರು ಕರೆದರು. ಅವಳು ಎದ್ದಾಗ ಸ್ಮಿತಾಳೂ ಎದ್ದಳು, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೈಕಿನವರೆಗೂ ಹೋದಳು. ನಾನು ಪಿಸುಮಾತಿನಲ್ಲಿ ಕರೆದೆ, ಅವಳು ತಿರುಗಲಿಲ್ಲ.

ಅಧ್ಯಕ್ಷ ವಯಸ್ಸಾದವನು, ನಕ್ಕು ಕೇಳಿದ, “ಇವಳು ನಿಮ್ಮ ಮಗಳೇ?”

ನೀಲಕ್ಕ ಹೌದು ಎಂದುಬಿಟ್ಟರೆ ಅದು ಸುಳ್ಳೆಂದು ಅಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ, ಬಹುಶಃ ಸ್ಮಿತಾಳಿಗೂ.

ನೀಲಕ್ಕ ಬರೆದು ತಂದದ್ದನ್ನು ಮಡಿಸಿ ಪಕ್ಕಕ್ಕಿಟ್ಟಳು. ತನಗೆ ಬರುವ ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯ ಹೇಳಿದಳು. “ಅಲ್ಲ ಸರ್. ಇವಳು ನನ್ನ ಮಗಳಲ್ಲ. ನನ್ನ ತಕರಾರೇ ಅದು. ಇವಳ ತಾಯಿ ಅಲ್ಲಿ ಕೂತಿದ್ದಾರೆ, ನಿಮ್ಮ ರಾಜ್ಯದ ಕಂಪನಿಯಲ್ಲಿ ದುಡಿಯುತ್ತಾರೆ, ನಿಮಗೆ ತೆರಿಗೆ ಕೊಡುತ್ತಾರೆ. ದಿನಾ ಮಧ್ಯಾಹ್ನ ಈ ಹುಡುಗಿ ನನ್ನ ಮನೆಯಲ್ಲಿರುತ್ತಾಳೆ. ಯಾಕೆಂದರೆ ಇವಳ ಶಾಲೆಯ ಹಿಂದೆ ನನ್ನ ಮನೆ ಇದೆ. ಇದು ಇವಳ ಅದೃಷ್ಟ. ಮುಂದಿನ ಬೀದಿಯ ಹುಡುಗಿಗೆ ಯಾರಿದ್ದಾರೆ? ನಾಳೆ ನಾನು ಊರು ಬಿಟ್ಟು ಹೋದರೆ ಇವಳಿಗೆ ಯಾರು? ಮಕ್ಕಳನ್ನು ಅದೃಷ್ಟದ ಮೇಲೆ ಬಿಡಬೇಡಿ, ಶಾಲೆಯಲ್ಲಿ ಇರಿಸಿಕೊಳ್ಳಿ.”

ತಾಯಂದಿರು ಮನೆಯಲ್ಲಿರಲಿ ಎಂದಿದ್ದ ಸದಸ್ಯ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಹೌದೇ, ಈಕೆ ಊರು ಬಿಟ್ಟರೆ ನೀವು ಏನು ಮಾಡುತ್ತೀರಿ ಎಂದು ಕೇಳಿದ. ಎಷ್ಟೋ ದಿನದಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಚೊಕ್ಕ ಇಂಗ್ಲಿಷಿನ ಭಾಷಣದಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

“ನನಗೆ ಗೊತ್ತಿಲ್ಲ ಸರ್” ಎಂದೆ. “ಮತ್ತೆ ಬೀಗದ ಕೈ ಕೊರಳಿಗೆ ಹಾಕುತ್ತೇನೆ.”

ಆ ದಿನ ಅಷ್ಟೇ ನಾನು ಮಾತಾಡಿದ್ದು. ವಾಪಸು ಬರುವಾಗ ಹೆಂಗಸರು ನನ್ನ ಬೆನ್ನು ತಟ್ಟಿದರು. ನೀಲಕ್ಕ ಡಬ್ಬಿಯಿಂದ ಪುಳಿಯೋಗರೆ ತೆಗೆದು ಮೊದಲು ನನಗೆ ಬಡಿಸಿದಳು. “ನಾ ಎಷ್ಟ ಮಾತಾಡಿದ್ರೂ ನಿಮ್ಮ ಒಂದ ಮಾತಿಗೆ ಸಮ ಆಗಲಿಲ್ಲ ಬಿಡ್ರಿ” ಎಂದಳು. ಅದು ಹೊಗಳಿಕೆಯೇ ಇರಬೇಕು. ನನಗೆ ಮಾತ್ರ, ಅವಳೇ ಬರೆದ ನಾಟಕದಲ್ಲಿ ಒಂದು ಸಣ್ಣ ಪಾತ್ರ ಮಾಡಿ ಬಂದ ಹಾಗೆ ಅನ್ನಿಸಿತು.

ಕಾಯ್ದೆ ಒಂದೇ ಸಲಕ್ಕೆ ಆಗಲಿಲ್ಲ. ಕಮಿಟಿಯಿಂದ ಕಮಿಟಿಗೆ ಹೋಗಿ ಸವೆದು, ಒಮ್ಮೆ ಬಿದ್ದು, ಇನ್ನೊಂದು ಹೆಸರಿನಲ್ಲಿ ಎದ್ದು, ಕೊನೆಗೆ ಬಂದಾಗ ಕೇಳಿದ್ದರಲ್ಲಿ ಅರ್ಧ ಉಳಿದಿತ್ತು. ಅದರ ಹಿಂದೆ ನಮ್ಮಂಥ ಎಷ್ಟೋ ಊರಿನ ಎಷ್ಟೋ ಹೆಂಗಸರಿದ್ದರು. ಅಷ್ಟೂ ದಿನ ನೀಲಕ್ಕನ ಭರಣಿಗೆ ಕುಂಕುಮ ತುಂಬಿಸಿ ತುಂಬಿಸಿ ಬಸವರಾಜಣ್ಣನಿಗೆ ಸಾಕಾಗಿತ್ತು. ಸ್ಮಿತಾ ಐದನೆಯ ತರಗತಿಯಲ್ಲಿದ್ದಾಗ ಶಾಲೆಯ ಆಟದ ಬಯಲಿನ ಮೂಲೆಯಲ್ಲಿ ಒಂದು ಕೊಠಡಿಯನ್ನು ಲಾರಿಯ ಮೇಲೆ ತಂದು ನಿಲ್ಲಿಸಿದರು. ಸಂಜೆ ಆರರವರೆಗೆ ಇಬ್ಬರು ಟೀಚರುಗಳು, ಆಟದ ಸಾಮಾನು, ಹಾಲು, ಬಿಸ್ಕತ್ತು.

ನನಗೆ ಆದ ಸಂತೋಷ ಕಾಯ್ದೆಯದಲ್ಲ. ಇನ್ನು ನನ್ನ ಮಗಳು ಆ ಗರಾಜಿಗೆ ಹೋಗುವುದಿಲ್ಲವಲ್ಲ ಎಂಬುದು. ಕೊಠಡಿ ತೆರೆದ ಮೊದಲ ದಿನ ಕೆಲಸದಿಂದ ಬಂದು ನೋಡಿದರೆ ಸ್ಮಿತಾ ಅತ್ತು ಅತ್ತು ಮೂಗು ಕೆಂಪಾಗಿತ್ತು. ಅವಳು ಅಭ್ಯಾಸದಂತೆ ನೀಲಕ್ಕನ ಮನೆಗೇ ಹೋಗಿದ್ದಳಂತೆ. ಗರಾಜಿನ ಬಾಗಿಲು ಇಳಿಸಿತ್ತಂತೆ. ನೀಲಕ್ಕ ಹೊರಗೆ ಬಂದು ನಿಂತಳಂತೆ, ಒಳಗೆ ಕರೆಯಲಿಲ್ಲವಂತೆ.

ಆಮೇಲೆ ನಾನೇ ಕೇಳಿದಾಗ ನೀಲಕ್ಕ ಹೇಳಿದಳು. “ಮಕ್ಕಳೆಲ್ಲಾ ನಮ್ಮ ಮನೀಗೇ ಬಂದ್ರ, ಖೋಲಿ ಖಾಲಿ ಐತಿ, ಯಾರಿಗೂ ಬ್ಯಾಡಾಗೇತಿ ಅಂತ ಬರದು ಮುಚ್ಚತಾರ್ರಿ. ಅದಕ್ಕ ಕೈ ಹಿಡಕೊಂಡು ಶಾಲಿಗೆ ಬಿಟ್ಟು ಬಂದೆ. ಹೊಳ್ಳಿ ನೋಡಲಿಲ್ಲ.”

“ನಿಮಗೆ ಬೇಜಾರಾಗಲಿಲ್ವಾ?”

“ಆತಲ್ಲ” ಎಂದಳು. “ಚುರುಮುರಿ ತಂದಿಟ್ಟಿದ್ದೆ. ಹಂಗೇ ಮೆತ್ತಗಾಗಿ ಹೋತು.”

ನಾನಾಗಿದ್ದರೆ ಬಿಟ್ಟುಕೊಡುತ್ತಿರಲಿಲ್ಲ. ಏನಾದರೂ ನೆವ ಹೇಳಿ ವಾರಕ್ಕೊಂದು ದಿನವಾದರೂ ಕರೆಸಿಕೊಳ್ಳುತ್ತಿದ್ದೆ. ಅವಳು ಬಿಟ್ಟುಕೊಟ್ಟಳು, ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಮಗಳು ತಿರುಗಿ ನನಗೆ ಸಿಗಲೂ ಇಲ್ಲ, ಆ ಕೊಠಡಿಯಲ್ಲಿ ಗೆಳತಿಯರನ್ನು ಮಾಡಿಕೊಂಡು ಇಂಗ್ಲಿಷಿನೊಳಗೆ ಇನ್ನೂ ದೂರ ಹೋದಳು.

ನಾಲ್ಕು ವರ್ಷ ಕಳೆಯಿತು. ಸ್ಮಿತಾ ಹೈಸ್ಕೂಲಿಗೆ ಬಂದಿದ್ದಳು, ಕೋಣೆಯ ಬಾಗಿಲು ಮುಚ್ಚಿಕೊಂಡು ಹಾಡು ಕೇಳುವ ವಯಸ್ಸು. ಒಂದು ಶನಿವಾರ ಬೆಳಗ್ಗೆ ನೀಲಕ್ಕ ಭರಣಿ ಹಿಡಿದು ಬಂದಳು. ಬೂಟಿನ ಬದಲು ಚಪ್ಪಲಿ ಮೆಟ್ಟಿದ್ದಳು.

“ಈ ಸಲ ಯಾವ ಕಮಿಟಿ ನೀಲಕ್ಕ?” ಎಂದೆ.

“ಈ ಸಲ ಕರ್ಯಾಕ ಬಂದಿಲ್ಲ ತಂಗಿ. ಹೇಳಿ ಹೋಗಾಕ ಬಂದೀನಿ. ಇವರ ಕಾರ್ಖಾನಿ ಫ್ರೆಸ್ನೋಕ್ಕ ಹೊಂಟೈತಿ. ನಾಡಿದ್ದ ಸಾಮಾನು ಹೋಗತಾವು.”

ನನಗೆ ಮೊದಲು ಆದದ್ದು ನಿರಾಳ. ಅದರ ಹಿಂದೆಯೇ ಕಮಿಟಿಯಲ್ಲಿ ಆ ಸದಸ್ಯ ಕೇಳಿದ ಪ್ರಶ್ನೆ ನೆನಪಾಯಿತು. ಕಾಫಿ ಕೊಟ್ಟೆ. ಫ್ರೆಸ್ನೋದ ಶಾಲೆಗಳಲ್ಲಿ ಇಂಥ ಕೊಠಡಿ ಇದೆಯೋ ಇಲ್ಲವೋ, ಮೊದಲು ಹೋಗಿ ವಿಚಾರಿಸಬೇಕು ಎಂದು ಅವಳು ಹೇಳುತ್ತಿದ್ದಳು. ಊರು ಬಿಟ್ಟು ಹೋಗುವ ಮುತ್ತೈದೆಗೆ ಮಡಿಲು ತುಂಬದೆ ಕಳಿಸಬಾರದು. ಮನೆಯಲ್ಲಿ ತೆಂಗಿನಕಾಯಿ ಇರಲಿಲ್ಲ. ಒಂದು ಕಿತ್ತಳೆ ಹಣ್ಣು, ಅಕ್ಕಿ, ಬೀರುವಿನಲ್ಲಿದ್ದ ಒಳ್ಳೆಯ ಖಣ ತಟ್ಟೆಗೆ ಇಟ್ಟೆ.

ಅಷ್ಟು ಹೊತ್ತಿಗೆ ಸ್ಮಿತಾ ಕೋಣೆಯಿಂದ ಹೊರಗೆ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ನಾನು ಕೊಟ್ಟೆ. ನೀಲಕ್ಕ ಸೆರಗು ಒಡ್ಡಿದಳು. ಸ್ಮಿತಾ ಎರಡೂ ಕೈ ತುಂಬ ಅಕ್ಕಿ ಎತ್ತಿ ಹಾಕಿದಳು, ಹಣ್ಣು ಹೇಗೆ ಇಡಬೇಕೆಂದು ತಿಳಿಯದೆ ಖಣದೊಳಗೆ ಸುತ್ತಿ ಇಟ್ಟಳು. ನೀಲಕ್ಕ ತಪ್ಪು ತಿದ್ದಲಿಲ್ಲ. ಸೆರಗನ್ನು ಸೊಂಟಕ್ಕೆ ಕಟ್ಟಿಕೊಂಡು, ಅದರೊಳಗಿಂದ ಒಂದು ಹಿಡಿ ಅಕ್ಕಿ ತೆಗೆದು ನನ್ನ ಅಂಗೈಗೆ ಹಾಕಿ ಮುಷ್ಟಿ ಮುಚ್ಚಿಸಿದಳು.

“ಇದು ನಿಮ್ಮ ಮನಿ ಡಬ್ಬ್ಯಾಗ ಹಾಕ್ರಿ. ತವರಮನ್ಯಾಗ ಒಂದ ಹಿಡಿ ಬಿಟ್ಟ ಹೋಗಬೇಕು” ಎಂದಳು.

ಹೆಣ್ಣುಮಕ್ಕಳು ತವರಿನಿಂದ ಹೊರಡುವಾಗ ಮಾಡುವ ಶಾಸ್ತ್ರ ಅದು. ಇಷ್ಟು ವರ್ಷ ನನ್ನ ಮಗಳ ತಾಯಿಯ ಜಾಗದಲ್ಲಿ ಕೂತಿದ್ದಾಳೆ ಎಂದು ನಾನು ಯಾರ ಮೇಲೆ ಕುದಿಯುತ್ತಿದ್ದೆನೋ, ಅವಳು ನನ್ನ ಮನೆಯನ್ನು ತವರು ಎಂದು ಬಿಟ್ಟು ಹೋಗುತ್ತಿದ್ದಳು. ನನಗೆ ಅಳು ಬಂತು, ತಡೆಯಲಾಗಲಿಲ್ಲ. ಸಿಟ್ಟೂ ಬಂತು. ಈ ಕೊನೆಯ ಗಳಿಗೆಯಲ್ಲೂ ಅವಳೇ ಗೆದ್ದು ಹೋಗಬೇಕೆ?

ಸ್ಮಿತಾ ಕಾರಿನವರೆಗೂ ಹೋದಳು. ಕಿಟಕಿಯಿಂದ ನೋಡಿದೆ. ನೀಲಕ್ಕ ಅವಳ ಎರಡೂ ಕೆನ್ನೆ ಹಿಡಿದು ಏನೋ ಹೇಳುತ್ತಿದ್ದಳು. ನನಗಿಂತ ಎತ್ತರ ಬೆಳೆದಿದ್ದ ನನ್ನ ಮಗಳು ಬಗ್ಗಿ ಅವಳ ಭುಜದಲ್ಲಿ ಮುಖ ಇಟ್ಟುಕೊಂಡು ಅಳುತ್ತಿದ್ದಳು. ನನ್ನ ಭುಜದ ಮೇಲೆ ಅವಳು ಹಾಗೆ ಅತ್ತು ಎಷ್ಟು ಕಾಲವಾಗಿತ್ತು ಎಂದು ನೆನೆಯಲು ಹೋಗಿ ನೆನಪಾಗದೆ ನಿಂತೆ. ಕಾರು ತಿರುವಿನಲ್ಲಿ ಮರೆಯಾಯಿತು. ನೀಲಕ್ಕನನ್ನು ನಾನು ನೋಡಿದ್ದು ಅದೇ ಕೊನೆ.

ಮುಷ್ಟಿಯಲ್ಲಿದ್ದ ಅಕ್ಕಿಯನ್ನು ಡಬ್ಬಿಗೆ ಹಾಕುತ್ತಿದ್ದೆ. ಸ್ಮಿತಾ ಬಂದಳು. ಎಂದಿನಂತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ತೋಳಿನಿಂದ ಮೂಗು ಒರೆಸಿಕೊಂಡಳು.

“ಅಮ್ಮಾ” ಎಂದಳು, “ನಂಗ ಹಸಿವಾಗೇತಿ.”

ಧ್ವನಿಯಲ್ಲಿ ನೀಲಕ್ಕನೇ ನಿಂತಿದ್ದಳು, ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಹೊಟ್ಟೆಯೊಳಗೆ ಆ ಹಳೆಯ ಕಿಚ್ಚು ಸುರ್ರೆಂದು ಎದ್ದಿತು. ಆದರೆ ಹಸಿವೆಂದು ಹೇಳಿಕೊಂಡದ್ದು ನನ್ನ ಹತ್ತಿರ.

“ಬಾ ಕೂತ್ಕೋ” ಎಂದು ತಟ್ಟೆ ಹಾಕಿದೆ.